ಅರ್ಧ ನಿಮಿಷದ ಕಡಲು

ನಮ್ಮದು ತಲೆಕೆಳಗಾದ ಮನೆ.
ವಾಲ್ಪರೈಸೊದ ಗುಡ್ಡಕ್ಕೆ ಬೆನ್ನು ಆನಿಸಿ ನಿಂತಿದೆ.
ಬೀದಿಯ ಬಾಗಿಲು ಎಲ್ಲಕ್ಕಿಂತ ಮೇಲೆ, ಅಡುಗೆಮನೆಗೇ ತೆರೆಯುತ್ತದೆ,
ಮಲಗಬೇಕಾದರೆ ಕೆಳಗಿಳಿಯಬೇಕು:
ನಲವತ್ತೊಂದು ಮೆಟ್ಟಿಲು, ಹಿಡಿಯಲು ಏನೂ ಇಲ್ಲ.

ಐಲೆನ್ ಬಿದ್ದದ್ದು ಹದಿನೇಳನೆಯದರಿಂದ.
ಎಲುಬು ಎರಡು ಕಡೆ ಮುರಿದು ತೊಡೆಯವರೆಗೂ ಪ್ಲಾಸ್ಟರು.
ಹನ್ನೊಂದರ ಹುಡುಗಿ, ಕಲ್ಲಿನಷ್ಟು ಭಾರದ ಕಾಲು,
ಅವಳನ್ನು ಹೊತ್ತು ಹತ್ತುವ ಸೊಂಟ ಮನೆಯಲ್ಲಿ ಯಾರಿಗೂ ಇಲ್ಲ.
ಕೆಳಗಿನ ಕೋಣೆಯ ಕಿಟಕಿಗೆ ಕಾಣುವುದು
ಪಕ್ಕದವರ ಗೋಡೆ, ಒಂದು ಪೈಪು,
ಪೈಪಿನ ಮೇಲೆ ಆಗಾಗ ಬೆಕ್ಕು.

ನನ್ನ ತಂಗಿಯ ಗಂಡ ಲಿಸಾಂದ್ರೊ ಕೇಳಿದ,
ಮೇಲಿನ ಕಂಪ್ಯೂಟರಿನಿಂದ ಸಿನಿಮಾ ಕಳಿಸಲಾ,
ತಂತಿ ಬೇಡ, ನಿನ್ನ ಫೋನಿಗೇ ಬರುತ್ತೆ.
ಅವಳೆಂದಳು: ಸಿನಿಮಾ ಬೇಡ, ಅಡುಗೆಮನೆ ಕಿಟಕಿ ಕಳಿಸು.

ಫ್ರಿಜ್ಜಿನ ಮೇಲೆ ಹಳೇ ಕ್ಯಾಮೆರಾ ಕೂರಿಸಿದ.
ಅದಕ್ಕೆ ಕಣ್ಣಿತ್ತು, ಕಿವಿ ಎಂದೋ ಕೆಟ್ಟಿತ್ತು.
ಕ್ಯಾಮೆರಾ ಕಂಪ್ಯೂಟರಿಗೆ, ಕಂಪ್ಯೂಟರು ಗಾಳಿಗೆ,
ಗಾಳಿ ಮಾತ್ರ ಎರಡನೇ ಮಹಡಿಯಲ್ಲೇ ನಿಂತುಬಿಟ್ಟಿತು.
ಸತುವಿನ ತಗಡಿನ ಗೋಡೆ ನಮ್ಮದು,
ಹಡಗುಕಟ್ಟೆಯಿಂದ ಅಜ್ಜ ಎತ್ತಿಕೊಂಡು ಬಂದದ್ದು,
ಮಳೆಗೆ ಜಗ್ಗದ್ದು ಇದಕ್ಕೆ ಜಗ್ಗೀತೇ?
ಕೊನೆಗೆ ವೈಫೈ ಡಬ್ಬಿಯನ್ನೇ
ಬಟ್ಟೆ ಒಣಹಾಕುವ ಹಗ್ಗಕ್ಕೆ ಬಿಗಿದು
ಬಾವಿಗೆ ಕೊಡ ಬಿಟ್ಟಂತೆ ಮೆಟ್ಟಿಲ ಸಂದಿಗೆ ಇಳಿಬಿಟ್ಟ.
ಸ್ವಲ್ಪ ಎಡಕ್ಕೆ. ಇನ್ನೂ ಕೆಳಗೆ. ಸಾಕು ಸಾಕು!
ಬಂತು.
ಅಂಗೈಯಷ್ಟಗಲ, ಬೂದುಬಣ್ಣ,
ಕ್ರೇನುಗಳು ಬೆಂಕಿಕಡ್ಡಿ, ಕಂಟೇನರುಗಳು ಸಕ್ಕರೆ ಅಚ್ಚು,
ಆದರೂ ಕಡಲು.

ಒಂದೇ ಕುಂದು. ಚಿತ್ರ ತಡವಾಗಿ ಬರುತ್ತಿತ್ತು.
ಅರ್ಧ ನಿಮಿಷ, ಲಿಸಾಂದ್ರೊ ಎಷ್ಟು ತಿಣುಕಿದರೂ ಅರ್ಧ ನಿಮಿಷ.
ಅವಳಿಗೆ ಅದೇ ಆಟವಾಯಿತು.
ಗ್ಯಾಸಿನವನು ಸಿಲಿಂಡರಿಗೆ ಕಬ್ಬಿಣ ಬಡಿಯುತ್ತಾ ಬರುತ್ತಾನಲ್ಲ,
ಠಣ್ ಠಣ್ ಕಿವಿಗೆ ಬಿದ್ದೊಡನೆ ಕೂಗುವಳು,
ನೋಡ್ತಿರು ಚಿಕ್ಕಿ, ಈಗ ಬರ್ತಾನೆ!
ಸದ್ದು ಓಣಿ ದಾಟಿ ಸತ್ತ ಮೇಲೆ
ಪರದೆಯ ತಿರುವಿನಲ್ಲಿ ಲಾರಿ ಮೂಗು ತೂರಿಸುವುದು.
ಪಕ್ಕದ ಮನೆ ಓರ್ತೆನ್ಸಿಯಾಗೆ ಹೇಳಿಕೊಂಡು ಬಂದಳು:
ನನಗೆ ಮುಂದಾಗೋದೆಲ್ಲ ಗೊತ್ತು,
ಅರ್ಧ ನಿಮಿಷದ ಮಟ್ಟಿಗೆ.

ಒಂದು ಸಂಜೆ ಆಸ್ಪತ್ರೆಯ ಲಾಂಡ್ರಿಯಿಂದ ಬಂದವಳು
ನಾನೂ ಹುಚ್ಚಾದೆ.
ಕಿಟಕಿಯ ಬಳಿ ನಿಂತು ಕೈಬೀಸಿ
ನಲವತ್ತೊಂದನ್ನೂ ದಡದಡ ಇಳಿದೆ,
ಐವತ್ತೆರಡರ ಮಂಡಿ ಶಾಪ ಹಾಕಿತು.
ಅವಳ ಪಕ್ಕ ಕುಸಿದು ನೋಡಿದರೆ
ಪರದೆಯಲ್ಲಿ ಒಬ್ಬ ಹೆಂಗಸು, ಇನ್ನೂ ಮೇಲೇ,
ನಮಗೆ ಬೆನ್ನು ಹಾಕಿ ಕಡಲು ನೋಡುತ್ತಿದ್ದಾಳೆ.
ಇಷ್ಟು ಬಾಗಿದೆಯೇ ನನ್ನ ಹೆಗಲು?
ಕೋಟು ಬಿಚ್ಚದೆ, ಚೀಲ ಇಳಿಸದೆ ಯಾಕೆ ನಿಂತಿದ್ದಾಳೆ ಅಷ್ಟು ಹೊತ್ತು?
ಆಮೇಲೆ ತಿರುಗಿ ಕೈಬೀಸಿದಳು.
ಐಲೆನ್ ತಿರುಗಿ ಬೀಸಿದಳು, ನನಗಲ್ಲ, ಅವಳಿಗೆ.
ಏದುಸಿರು ನಿಂತಿರಲಿಲ್ಲ. ನಾನೂ ಬೀಸಿದೆ.

ಅಕ್ಟೋಬರಿನಲ್ಲಿ ಪ್ಲಾಸ್ಟರು ಕೊಯ್ದರು.
ಒಳಗಿನ ಕಾಲು ಸಣ್ಣಗೆ, ಬಿಳಿಚಿ, ಯಾರದೋ ಕಾಲಿನ ಹಾಗೆ.
ಕೂತು ಕೂತು ಹತ್ತಿದಳು, ಒಂದು ಮೆಟ್ಟಿಲಿಗೆ ಒಂದು ಬೈಗುಳ.
ಹದಿನೇಳನೆಯದಕ್ಕೆ ಮೂರು.

ಕಿಟಕಿಯ ಮುಂದೆ ನಿಂತಳು.
ಠಣ್ ಠಣ್. ತಿರುವಿನಲ್ಲಿ ಲಾರಿ ಬಂತು,
ಸದ್ದೂ ಲಾರಿಯೂ ಒಟ್ಟೊಟ್ಟಿಗೆ ಬಂದು
ಒಟ್ಟೊಟ್ಟಿಗೇ ಹೋದವು.
ಅವಳು ಖಾಲಿ ತಿರುವನ್ನೇ ನೋಡುತ್ತಿದ್ದಳು.
ಹೋಯಿತಲ್ಲೇ, ಎಂದೆ.
ಇರು ಚಿಕ್ಕಿ, ಎಂದಳು.

ಕೆಳಗೆ, ಮಡಿಸದ ಹಾಸಿಗೆಯ ಮೇಲೆ
ಫೋನು ಇನ್ನೂ ಉರಿಯುತ್ತಿತ್ತೆಂದು ಕಾಣುತ್ತದೆ.
ಅದರಲ್ಲಿ ಅವಳು ಈಗಷ್ಟೇ
ಕೊನೆಯ ಮೆಟ್ಟಿಲು ಏರಿ
ಕುಂಟುತ್ತಾ ಕಿಟಕಿಗೆ ಬರುತ್ತಿರಬೇಕು.